ಟ್ರೇಕಿಯಾಸ್ಟಮಿ ಸೆಟ್ ಪಕ್ಕದಲ್ಲೇ ಇತ್ತು: ಎಲೇನ್ ಬ್ರೊಮಿಲಿ ಪ್ರಕರಣ ಮತ್ತು ತಂಡದ ತರಬೇತಿ

ಎಲೇನ್ ಬ್ರೊಮಿಲಿಗೆ 37 ವರ್ಷ. ಇಂಗ್ಲೆಂಡಿನವರು, ಇಬ್ಬರು ಚಿಕ್ಕ ಮಕ್ಕಳ ತಾಯಿ. ಸೈನಸ್ ತೊಂದರೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲೆಂದು 2005ರ ಮಾರ್ಚ್ 29ರಂದು ಖಾಸಗಿ ಆಸ್ಪತ್ರೆಯೊಂದಕ್ಕೆ ಹೋದರು. ತುರ್ತಿನದೇನೂ ಆಗಿರಲಿಲ್ಲ, ಮುಂಚೆಯೇ ದಿನ ಗೊತ್ತುಮಾಡಿದ್ದ ಆಪರೇಷನ್. ಗಂಡ ಮಾರ್ಟಿನ್ ಮತ್ತು ಮಕ್ಕಳು ಅವರನ್ನು ಬೀಳ್ಕೊಟ್ಟು ಮನೆಗೆ ಮರಳಿದರು. ಆಪರೇಷನ್ ಶುರುವಾಗಲೇ ಇಲ್ಲ. ಅರಿವಳಿಕೆ ಕೊಟ್ಟ ಮೇಲೆ ಶ್ವಾಸಕೋಶಕ್ಕೆ ಗಾಳಿ ಕಳಿಸಲು ದಾರಿ ಸಿಗಲಿಲ್ಲ. ಮಿದುಳಿಗೆ ಆಮ್ಲಜನಕ ಸಾಲದೆ ಹೋಯಿತು. ಏಪ್ರಿಲ್ 11ರಂದು ಅವರು ತೀರಿಕೊಂಡರು.

ತುರ್ತು ವಿಭಾಗದ ತಂಡಗಳಿಗೆ ಇಂಟ್ಯುಬೇಷನ್ (ಬಾಯಿಯ ಮೂಲಕ ಶ್ವಾಸನಾಳಕ್ಕೆ ಟ್ಯೂಬ್ ಇಳಿಸುವುದು) ತರಬೇತಿ ಕೊಡುವಾಗ ನಾನು ಮೊದಲು ಹೇಳುವುದು ಈ ಪ್ರಕರಣವನ್ನೇ. ನಮ್ಮಲ್ಲಿ ಇಂಥ ಸಾವಿನ ಮಾತು ಬಂದಾಗಲೆಲ್ಲ ಚರ್ಚೆ ಒಂದೇ ಕಡೆಗೆ ಹರಿಯುತ್ತದೆ: ಸಲಕರಣೆ ಇರಲಿಲ್ಲ, ಅನುಭವಿ ಡಾಕ್ಟರ್ ಇರಲಿಲ್ಲ, ಇದ್ದವರೂ ಹೊಸಬರು. ಎಲೇನ್ ಅವರ ವಿಷಯದಲ್ಲಿ ಈ ಯಾವ ಮಾತೂ ನಿಲ್ಲುವುದಿಲ್ಲ. ಅರಿವಳಿಕೆ ತಜ್ಞರಿಗೆ 16 ವರ್ಷದ ಅನುಭವ. ಕಿವಿ-ಮೂಗು-ಗಂಟಲು ಸರ್ಜನ್‌ಗೆ 30 ವರ್ಷಕ್ಕೂ ಹೆಚ್ಚು. ಸಹಾಯಕ್ಕೆ ಧಾವಿಸಿದ ಇನ್ನೊಬ್ಬ ಅರಿವಳಿಕೆ ತಜ್ಞರೂ ನುರಿತವರೇ. ಓಟಿ ಸುಸಜ್ಜಿತವಾಗಿತ್ತು. ನರ್ಸ್‌ಗಳು ಅನುಭವಸ್ಥರು. ಇಷ್ಟೆಲ್ಲ ಇದ್ದೂ ಒಬ್ಬ ಆರೋಗ್ಯವಂತ ಹೆಣ್ಣುಮಗಳು ಉಸಿರಿಲ್ಲದೆ ಸತ್ತರೆ, ನಾವು ತರಬೇತಿ ಎಂದು ಕರೆಯುತ್ತಿರುವುದರಲ್ಲೇ ಏನೋ ಬಿಟ್ಟುಹೋಗಿದೆ.

ಆ 35 ನಿಮಿಷ

ಬೆಳಗ್ಗೆ 8:35ರ ಹೊತ್ತಿಗೆ ಅರಿವಳಿಕೆ ಕೊಡಲಾಯಿತು. ಲ್ಯಾರಿಂಜಿಯಲ್ ಮಾಸ್ಕ್ ಹಾಕುವುದೆಂದು ಮೊದಲೇ ನಿರ್ಧಾರವಾಗಿತ್ತು. ಓಟಿಯಲ್ಲಿ ಎಲ್ಲರೂ ಎಲ್‌ಎಂಎ ಎನ್ನುವ ಈ ಸಾಧನ ಗಂಟಲೊಳಗೆ ಧ್ವನಿಪೆಟ್ಟಿಗೆಯ ಮೇಲೆ ಕೂರುತ್ತದೆ, ಟ್ಯೂಬಿನಂತೆ ಶ್ವಾಸನಾಳದೊಳಕ್ಕೆ ಇಳಿಯುವುದಿಲ್ಲ. ದವಡೆ ಬಿಗಿಯಾಗಿದ್ದರಿಂದ ಅದು ಕೂರಲಿಲ್ಲ. ಔಷಧಿ ಹೆಚ್ಚಿಸಿ, ಬೇರೆ ಅಳತೆಯದನ್ನು ಹಾಕಿ ನೋಡಿದರು. ಅದೂ ಕೂರಲಿಲ್ಲ. ಸುಮಾರು 2 ನಿಮಿಷಕ್ಕೆ ಸ್ಯಾಚುರೇಷನ್, ಅಂದರೆ ರಕ್ತದಲ್ಲಿನ ಆಮ್ಲಜನಕದ ಮಟ್ಟ, ಶೇಕಡಾ 75ಕ್ಕೆ ಇಳಿದಿತ್ತು, ಮೈ ನೀಲಿಗಟ್ಟತೊಡಗಿತ್ತು. ಇನ್ನೆರಡು ನಿಮಿಷಕ್ಕೆ 40. ಮುಖಕ್ಕೆ ಮಾಸ್ಕ್ ಒತ್ತಿ ಬ್ಯಾಗ್‌ನಿಂದ ಗಾಳಿ ಕೊಡಲು ಹೋದರೆ ಅದೂ ಸರಿಯಾಗಿ ಹೋಗುತ್ತಿರಲಿಲ್ಲ. ಎದೆಬಡಿತ ನಿಧಾನವಾಯಿತು.

ಸ್ನಾಯು ಸಡಿಲಿಸುವ ಸಕ್ಸಮೆಥೋನಿಯಂ ಕೊಟ್ಟು ಇಂಟ್ಯುಬೇಷನ್‌ಗೆ ಕೈಹಾಕಿದರು. ಗಂಟಲೊಳಗನ್ನು ತೋರಿಸುವ ಲ್ಯಾರಿಂಗೋಸ್ಕೋಪ್ ಇಟ್ಟು ನೋಡಿದರೆ ಧ್ವನಿತಂತುಗಳು ಕಾಣಿಸುತ್ತಿಲ್ಲ. ಆ ಹೊತ್ತಿಗೆ ಎರಡನೇ ಅರಿವಳಿಕೆ ತಜ್ಞರು ಬಂದರು, ಸರ್ಜನ್ ಕೂಡ ತಲೆಯ ಬಳಿಗೆ ಬಂದು ನಿಂತರು. 8:45ರ ಸುಮಾರಿಗೆ ಸ್ಥಿತಿ ಏನೆಂಬುದರಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ: ಟ್ಯೂಬ್ ಹೋಗುತ್ತಿಲ್ಲ, ಗಾಳಿಯೂ ಹೋಗುತ್ತಿಲ್ಲ. ಅರಿವಳಿಕೆ ಓದಿದವರೆಲ್ಲರೂ ಪರೀಕ್ಷೆಯಲ್ಲಿ ಬರೆದಿರುವ ಸ್ಥಿತಿ ಇದು. ಉತ್ತರವೂ ಎಲ್ಲರಿಗೂ ಗೊತ್ತು. ಬಾಯಿಯಿಂದ ಆಗುವ ಪ್ರಯತ್ನವನ್ನು ಬಿಟ್ಟು ಕುತ್ತಿಗೆಯ ಮುಂಭಾಗದಿಂದ ಶ್ವಾಸನಾಳಕ್ಕೆ ದಾರಿ ಮಾಡಬೇಕು. ಉಸಿರಿನ ದಾರಿ (ಏರ್‌ವೇ) ಸಿಗದಾಗ ಏನು ಮಾಡಬೇಕೆಂಬ ಬಗ್ಗೆ ಬ್ರಿಟನ್ನಿನ ಡಿಫಿಕಲ್ಟ್ ಏರ್‌ವೇ ಸೊಸೈಟಿಯ ಮಾರ್ಗಸೂಚಿ ಹಿಂದಿನ ವರ್ಷವಷ್ಟೇ, 2004ರಲ್ಲಿ, ಪ್ರಕಟವಾಗಿತ್ತು.

ಅವರು ಇಂಟ್ಯುಬೇಷನ್ ಮುಂದುವರಿಸಿದರು. ಲ್ಯಾರಿಂಗೋಸ್ಕೋಪಿಗೆ ಬೇರೆ ಬ್ಲೇಡ್, ಫೈಬರ್ ಆಪ್ಟಿಕ್ ಸ್ಕೋಪ್, ಒಬ್ಬರಾದ ಮೇಲೆ ಒಬ್ಬರು. 8:55ರ ಹೊತ್ತಿಗೆ ಇಂಟ್ಯುಬೇಟಿಂಗ್ ಎಲ್‌ಎಂಎ ಎಂಬ ಸಾಧನ ಕೂತು, ಸ್ಯಾಚುರೇಷನ್ 90ರ ಆಸುಪಾಸಿಗೆ ಏರಿತು. ಅಲ್ಲಿ ನಿಲ್ಲಬಹುದಿತ್ತು. ಅದರ ಮೂಲಕವೇ ಟ್ಯೂಬ್ ಇಳಿಸಲು ಮತ್ತೆ ಪ್ರಯತ್ನಗಳು ನಡೆದವು. 9:10ರ ಸುಮಾರಿಗೆ ಕೈಬಿಟ್ಟು, ತಾನಾಗಿಯೇ ಎಚ್ಚರವಾಗಲೆಂದು ರಿಕವರಿ ಕೋಣೆಗೆ ಕಳಿಸಿದರು. ಎಚ್ಚರವಾಗಲಿಲ್ಲ. ಆಮೇಲೆ ಬೇರೆ ಆಸ್ಪತ್ರೆಯ ಐಸಿಯುಗೆ ಸಾಗಿಸಲಾಯಿತು. ಅಷ್ಟರಲ್ಲಿ ಸುಮಾರು 20 ನಿಮಿಷ ಅವರ ಸ್ಯಾಚುರೇಷನ್ 40ರ ಆಸುಪಾಸಿನಲ್ಲೋ ಅದಕ್ಕಿಂತ ಕೆಳಗೋ ಕಳೆದಿತ್ತು.

ಇಷ್ಟು ಬೇಗ ಸ್ಯಾಚುರೇಷನ್ ಬೀಳುವುದು ಹೇಗೆ ಎಂದು ವೈದ್ಯರಲ್ಲದವರಿಗೆ ಅನ್ನಿಸಬಹುದು. ಸಾಮಾನ್ಯ ಉಸಿರು ಬಿಟ್ಟಾದ ಮೇಲೆ ಶ್ವಾಸಕೋಶದಲ್ಲಿ ಉಳಿಯುವ ಗಾಳಿ ಸುಮಾರು ಎರಡೂವರೆ ಲೀಟರ್. ಅದರಲ್ಲಿ ಆಮ್ಲಜನಕ ಐದನೇ ಒಂದು ಪಾಲಿಗಿಂತಲೂ ಕಡಿಮೆ. ದೇಹ ನಿಮಿಷಕ್ಕೆ 250 ಮಿಲಿ ಲೀಟರ್‌ನಷ್ಟು ಬಳಸುತ್ತದೆ. ಗಣಿತ ನಿಮಿಷಗಳಲ್ಲೇ ಮುಗಿಯುತ್ತದೆ. ಔಷಧಿ ಕೊಡುವ ಮೊದಲು 3ರಿಂದ 5 ನಿಮಿಷ ಮಾಸ್ಕನ್ನು ಬಿಗಿಯಾಗಿ ಹಿಡಿದು ಶುದ್ಧ ಆಮ್ಲಜನಕ ಕೊಟ್ಟರೆ ಆರೋಗ್ಯವಂತ ವಯಸ್ಕರಲ್ಲಿ ಈ ಅವಧಿ 8 ನಿಮಿಷದವರೆಗೂ ಹಿಗ್ಗುತ್ತದೆ. ಗರ್ಭಿಣಿಯರಲ್ಲಿ, ದಪ್ಪಗಿರುವವರಲ್ಲಿ, ಮಕ್ಕಳಲ್ಲಿ, ನ್ಯುಮೋನಿಯಾ ಆದವರಲ್ಲಿ ಅಷ್ಟು ಸಿಗುವುದಿಲ್ಲ. ತುರ್ತು ವಿಭಾಗಕ್ಕೆ ಬರುವವರಲ್ಲಿ ಬಹುಪಾಲು ಇಂಥವರೇ.

ನರ್ಸ್‌ಗಳಿಗೆ ಗೊತ್ತಿತ್ತು

ಪ್ರಕರಣದ ತಿರುಳು ಇಲ್ಲಿದೆ. ಮೂವರು ತಜ್ಞರು ಬಾಯಿಯೊಳಗೆ ನೋಡುತ್ತಿದ್ದಾಗ ಕೋಣೆಯಲ್ಲಿದ್ದ ನರ್ಸ್‌ಗಳು ಮಾನಿಟರ್ ಮತ್ತು ರೋಗಿಯ ಮೈಬಣ್ಣ ಎರಡನ್ನೂ ನೋಡುತ್ತಿದ್ದರು. ಒಬ್ಬ ನರ್ಸ್ ಕುತ್ತಿಗೆಯಿಂದ ಶ್ವಾಸನಾಳಕ್ಕೆ ದಾರಿ ಮಾಡುವ ಟ್ರೇಕಿಯಾಸ್ಟಮಿ ಸೆಟ್ ತರಿಸಿಟ್ಟು, ಸೆಟ್ ಸಿದ್ಧವಿದೆ ಎಂದು ತಜ್ಞರಿಗೆ ಹೇಳಿದರು. ಯಾರೂ ಉತ್ತರಿಸಲಿಲ್ಲ. ಇನ್ನೊಬ್ಬರು ಹೊರಗೆ ಹೋಗಿ ಐಸಿಯುಗೆ ಫೋನ್ ಮಾಡಿ ಹಾಸಿಗೆ ಕಾದಿರಿಸಿ ಬಂದು ತಿಳಿಸಿದರು. ಇಷ್ಟಕ್ಕೆಲ್ಲ ಗಾಬರಿ ಯಾಕೆ ಎನ್ನುವಂತೆ ತಮ್ಮತ್ತ ನೋಡಿದರೆಂದು ಅವರಿಗೆ ಅನ್ನಿಸಿತು. ಅವರು ಮತ್ತೆ ಹೋಗಿ ಹಾಸಿಗೆಯನ್ನು ರದ್ದು ಮಾಡಿದರು.

ಮುಂದೆ ಏನಾಗಬೇಕೆಂದು ತಮಗೆ ಗೊತ್ತಿತ್ತು, ಅದನ್ನು ಹೇಗೆ ಹೇಳಬೇಕೆಂದು ಮಾತ್ರ ತಿಳಿಯಲಿಲ್ಲ ಎಂದು ನಂತರ ಅವರಲ್ಲಿ ಇಬ್ಬರು ತಿಳಿಸಿದರು.

ಈ ಮಾತನ್ನು ತರಬೇತಿಯಲ್ಲಿ ಹೇಳಿದಾಗ ನಮ್ಮ ಸ್ಟಾಫ್ ನರ್ಸ್‌ಗಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಬ್ರಿಟನ್ನಿನ ನರ್ಸ್‌ಗಳಿಗೇ ನಾಲಿಗೆ ಕಟ್ಟಿತೆಂದರೆ, ಜಿಲ್ಲಾ ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ಗುತ್ತಿಗೆ ಮೇಲಿರುವ 24 ವರ್ಷದ ಹುಡುಗಿ ಪ್ರೊಫೆಸರ್‌ಗೆ ‘ನಿಲ್ಲಿಸಿ ಸರ್’ ಅನ್ನುವುದು ಎಲ್ಲಿಂದ ಬಂತು? ಹಾಗಾಗಿ ಅವಳ ಧೈರ್ಯವನ್ನು ನಂಬಿಕೊಂಡು ಕೂತರೆ ಕೆಲಸ ಆಗುವುದಿಲ್ಲ. ನಿಲ್ಲಿಸಿ ಎಂದು ಹೇಳುವುದೇ ಅವಳ ಕೆಲಸ ಎಂದು ಮೊದಲೇ, ಎಲ್ಲರೆದುರು, ಡಾಕ್ಟರೇ ಅವಳಿಗೆ ಒಪ್ಪಿಸಬೇಕು. ಬಿಪಿ ನೋಡುವುದು, ಡ್ರಗ್ ಲೋಡ್ ಮಾಡುವುದು ಹೇಗೋ ಹಾಗೆ. ನನ್ನ ಮಟ್ಟಿಗೆ ಬ್ರೊಮಿಲಿ ಪ್ರಕರಣ ಕಲಿಸುವುದು ಮುಖ್ಯವಾಗಿ ಇದನ್ನು.

ಗಂಡ ಕೇಳಿದ ಪ್ರಶ್ನೆ

ಮಾರ್ಟಿನ್ ಬ್ರೊಮಿಲಿ ವಿಮಾನದ ಪೈಲಟ್. ಹೆಂಡತಿಯ ಸಾವಿನ ತನಿಖೆ ಯಾವಾಗ ಎಂದು ಅವರು ಕೇಳಿದರು. ನೀವು ದೂರು ಕೊಡದ ಹೊರತು, ಕೋರ್ಟಿಗೆ ಹೋಗದ ಹೊರತು ತನಿಖೆ ಇರುವುದಿಲ್ಲ ಎಂಬ ಉತ್ತರ ಬಂತು. ಅವರ ವೃತ್ತಿಯಲ್ಲಿ ಅಪಘಾತವಾದರೆ ಯಾರು ಕೇಳಲಿ ಬಿಡಲಿ ತನಿಖೆ ಆಗಿಯೇ ಆಗುತ್ತದೆ. ಯಾರ ತಪ್ಪು ಎನ್ನುವುದಕ್ಕಿಂತ ಇನ್ನೊಂದು ವಿಮಾನ ಹೀಗೆಯೇ ಬೀಳದಿರಲು ಏನು ಬದಲಾಗಬೇಕು ಎನ್ನುವುದು ಅದರ ಗುರಿ. ಅವರು ಪಟ್ಟು ಬಿಡಲಿಲ್ಲ. ಅರಿವಳಿಕೆಯ ಹಿರಿಯ ಪ್ರಾಧ್ಯಾಪಕ ಮೈಕೆಲ್ ಹಾರ್ಮರ್ ಅವರಿಂದ ಸ್ವತಂತ್ರ ಪರಿಶೀಲನೆ ನಡೆಯಿತು. ಇಂದು ನಮಗೆ ನಿಮಿಷ ನಿಮಿಷದ ವಿವರ ಸಿಗುತ್ತಿರುವುದು ಆ ವರದಿಯಿಂದಾಗಿ.

2007ರಲ್ಲಿ ಮಾರ್ಟಿನ್ ‘ಕ್ಲಿನಿಕಲ್ ಹ್ಯೂಮನ್ ಫ್ಯಾಕ್ಟರ್ಸ್ ಗ್ರೂಪ್’ ಎಂಬ ಸಂಸ್ಥೆ ಕಟ್ಟಿದರು. ವೈದ್ಯರನ್ನು ಜೈಲಿಗೆ ಕಳಿಸಿ ಎಂದು ಅವರು ಹೇಳಲಿಲ್ಲ. ಆ ವೈದ್ಯರು, ನರ್ಸ್‌ಗಳು ಮತ್ತೆ ಕೆಲಸಕ್ಕೆ ಮರಳಿದ್ದು ತಮಗೆ ಬೇಕಾದದ್ದೇ, ಅವರು ಕಲಿತದ್ದು ಬೇರೆಯವರಿಗೆ ದಕ್ಕಬೇಕು ಎಂದರು. ಹೆಂಡತಿಯನ್ನು ಕಳೆದುಕೊಂಡ ಮನುಷ್ಯ ಇಷ್ಟು ದೊಡ್ಡ ಮನಸ್ಸು ಮಾಡಿದ್ದರಿಂದಲೇ ಜಗತ್ತಿನ ಅರಿವಳಿಕೆ ತಜ್ಞರು ತಮ್ಮ ತಪ್ಪುಗಳನ್ನು ಬಾಯಿಬಿಟ್ಟು ಮಾತಾಡುವಂತಾಯಿತು ಎಂದು ನಾನು ನಂಬಿದ್ದೇನೆ.

ಮಾರ್ಟಿನ್ ಅವರ ವೃತ್ತಿಗೆ ಈ ಪಾಠ ಪುಕ್ಕಟೆಯಾಗಿ ಸಿಕ್ಕಿದ್ದಲ್ಲ. 1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್ ಏರ್‌ಲೈನ್ಸ್‌ನ 173ನೇ ವಿಮಾನ ಬಿತ್ತು. ಚಕ್ರ ಸರಿಯಾಗಿ ಇಳಿದಿದೆಯೋ ಇಲ್ಲವೋ ಎಂಬ ಅನುಮಾನದಲ್ಲಿ ಕ್ಯಾಪ್ಟನ್ ಸುಮಾರು ಒಂದು ಗಂಟೆ ಆಕಾಶದಲ್ಲೇ ಸುತ್ತಿದರು. ಇಂಧನ ಮುಗಿಯುತ್ತಿರುವುದು ಸಹ ಸಿಬ್ಬಂದಿಗೆ ಕಾಣುತ್ತಿತ್ತು, ಅದರ ಮಾತೂ ಬಂದಿತ್ತು, ಆದರೆ ಕ್ಯಾಪ್ಟನ್‌ನ ಗಮನವನ್ನು ಚಕ್ರದಿಂದ ಕೀಳುವಷ್ಟು ಗಟ್ಟಿಯಾಗಿ ಬರಲಿಲ್ಲ. 10 ಜನ ಸತ್ತರು. ಕ್ಯಾಪ್ಟನ್‌ಗಳಿಗೆ ಕೇಳಿಸಿಕೊಳ್ಳುವ ತರಬೇತಿ, ಉಳಿದವರಿಗೆ ಗಟ್ಟಿಯಾಗಿ ಹೇಳುವ ತರಬೇತಿ ಎರಡೂ ಬೇಕೆಂದು ತನಿಖೆ ಶಿಫಾರಸು ಮಾಡಿತು. ಅಲ್ಲಿಂದ ಮುಂದೆ ಬೆಳೆದದ್ದೇ ವಿಮಾನಯಾನದ ತಂಡ ತರಬೇತಿ. ಚಕ್ರದ ಜಾಗದಲ್ಲಿ ಟ್ಯೂಬ್ ಇಟ್ಟು, ಇಂಧನದ ಜಾಗದಲ್ಲಿ ಸ್ಯಾಚುರೇಷನ್ ಇಟ್ಟು ಓದಿದರೆ ಎಲೇನ್ ಅವರ ಓಟಿ ಕಣ್ಣಮುಂದೆ ಬರುತ್ತದೆ.

ಒತ್ತಡದಲ್ಲಿ ಮನಸ್ಸು ಒಂದೇ ಕೆಲಸಕ್ಕೆ ಅಂಟಿಕೊಳ್ಳುವುದು ನುರಿತವರಿಗೂ ಆಗುತ್ತದೆ. ನುರಿತವರಿಗೆ ತುಸು ಹೆಚ್ಚೇ ಎಂದರೂ ತಪ್ಪಿಲ್ಲ: ಸಾವಿರಾರು ಟ್ಯೂಬ್ ಹಾಕಿದ ಕೈ, ಇನ್ನೊಂದು ಸಲ ನೋಡಿದರೆ ಹೋಗುತ್ತದೆ ಎಂದೇ ಹೇಳುತ್ತಿರುತ್ತದೆ. ಕಾಲದ ಲೆಕ್ಕವೂ ತಪ್ಪುತ್ತದೆ. ಹತ್ತು ನಿಮಿಷ ಕಳೆದಿದ್ದರೂ ಮೂರು ನಿಮಿಷ ಅನ್ನಿಸುತ್ತದೆ. ತಲೆಯ ಬಳಿ ನಿಂತವರು ಗಡಿಯಾರ ನೋಡಲಾರರು. ನೋಡಬಲ್ಲವರು ರೋಗಿಯ ಕಾಲಿನ ಬಳಿ ನಿಂತವರು.

ತರಬೇತಿಯಲ್ಲಿ ಏನು ಬದಲಾಯಿತು

ನಮ್ಮಲ್ಲಿ ಏರ್‌ವೇ ವರ್ಕ್‌ಶಾಪ್ ಎಂದರೆ ಸಾಮಾನ್ಯವಾಗಿ ಒಂದು ಹಾಲ್, ನಾಲ್ಕು ಮೇಜು, ಮೇಜಿಗೊಂದು ಪ್ಲಾಸ್ಟಿಕ್ ತಲೆ. ಡಾಕ್ಟರುಗಳು ಸಾಲಾಗಿ ಬಂದು ಟ್ಯೂಬ್ ಹಾಕಿ, ವಿಡಿಯೋ ಲ್ಯಾರಿಂಗೋಸ್ಕೋಪ್ ಹಿಡಿದು ನೋಡಿ, ಸರ್ಟಿಫಿಕೇಟ್ ತೆಗೆದುಕೊಂಡು ಹೋಗುತ್ತಾರೆ. ಕೈಗೆ ಅಭ್ಯಾಸವಾಗಲು ಅದು ಬೇಕು, ಬೇಡವೆನ್ನುತ್ತಿಲ್ಲ. ಎಲೇನ್ ಅವರ ಸುತ್ತ ಇದ್ದವರಿಗೆ ಅಂಥ ಅಭ್ಯಾಸದ ಕೊರತೆ ಇರಲಿಲ್ಲ ಎನ್ನುವುದನ್ನಷ್ಟೇ ನೆನಪಿಸುತ್ತಿದ್ದೇನೆ.

ಹಾಗಾಗಿ ಅಭ್ಯಾಸವನ್ನು ಹಾಲ್‌ನಿಂದ ಎತ್ತಿ ಅವರವರ ತುರ್ತು ವಿಭಾಗಕ್ಕೇ ತರಬೇಕಾಯಿತು. ಅವರದೇ ಟ್ರಾಲಿ, ಅವರದೇ ಸಕ್ಷನ್ ಮಷೀನ್, ಆ ಪಾಳಿಯಲ್ಲಿ ಇರುವವರೇ: ಡ್ಯೂಟಿ ಡಾಕ್ಟರ್, ಇಬ್ಬರು ಸ್ಟಾಫ್ ನರ್ಸ್, ಟೆಕ್ನಿಷಿಯನ್, ಅಟೆಂಡರ್. ನಮ್ಮ ಕಡೆ ಆಗಾಗ ಬರುವ ಪ್ರಕರಣವನ್ನೇ ಆರಿಸಿಕೊಳ್ಳುತ್ತೇವೆ. ಕೀಟನಾಶಕ ಕುಡಿದ ರೈತ, ಬಾಯಿತುಂಬ ಜೊಲ್ಲು, ಉಸಿರು ಸೋಲುತ್ತಿದೆ, ಹೊರಗೆ ಮನೆಯವರ ಗೋಳಾಟ. ಮೊದಲ ಸಲವೇ ಬಯಲಾಗುವುದು ಸಣ್ಣ ಸಣ್ಣ ವಿಷಯಗಳು. ಸಕ್ಷನ್ ಪೈಪ್ ತಲೆಯವರೆಗೆ ಎಟಕುವುದಿಲ್ಲ. ಟ್ಯೂಬಿಗೆ ದಾರಿ ತೋರಿಸುವ ತೆಳು ಕಡ್ಡಿಯಂಥ ಬೂಜಿ ಬೀರುವಿನಲ್ಲಿದೆ, ಬೀರುವಿನ ಕೀಲಿ ಹಗಲು ಪಾಳಿಯ ಇನ್‌ಚಾರ್ಜ್ ಸಿಸ್ಟರ್ ಹತ್ತಿರ. ಇಂಥ ಕೀಟನಾಶಕಗಳ ಆರ್ಗನೋಫಾಸ್ಫೇಟ್ ವಿಷದಲ್ಲಿ ಸಕ್ಸಮೆಥೋನಿಯಂನ ಪರಿಣಾಮ ಬಹಳ ಹೊತ್ತು ಉಳಿಯುತ್ತದೆ, ಸ್ನಾಯು ಸಡಿಲಿಸುವ ಇನ್ನೊಂದು ಔಷಧಿ ರೋಕ್ಯುರೋನಿಯಂ ಬಳಸುವುದು ಮೇಲು ಎಂಬುದು ಡಾಕ್ಟರಿಗೆ ಗೊತ್ತು. ಆದರೆ ಫ್ರಿಜ್‌ನಲ್ಲಿ ಅದು ಇದೆಯೋ ಇಲ್ಲವೋ ಗೊತ್ತಿರುವುದು ನರ್ಸ್‌ಗೆ.

ಔಷಧಿ ಕೊಡುವ ಮೊದಲು ಅರ್ಧ ನಿಮಿಷದ ಮಾತು ಕಡ್ಡಾಯ. ಡಾಕ್ಟರ್ ಜೋರಾಗಿ ಹೇಳಬೇಕು: ‘ಮೊದಲು ಬೂಜಿ ಇಟ್ಕೊಂಡು ಟ್ಯೂಬ್ ಟ್ರೈ ಮಾಡ್ತೀನಿ. ಎರಡನೇ ಸಲಾನೂ ಆಗ್ಲಿಲ್ಲ ಅಂದ್ರೆ ಎಲ್‌ಎಂಎ. ಅದೂ ಆಗ್ಲಿಲ್ಲ, ಬ್ಯಾಗ್‌ನಲ್ಲೂ ಗಾಳಿ ಹೋಗ್ತಿಲ್ಲ ಅಂದ್ರೆ ಕುತ್ತಿಗೆಯಿಂದ. ಸಿಸ್ಟರ್, ಸ್ಯಾಚುರೇಷನ್ 95ಕ್ಕಿಂತ ಕೆಳಗೆ ಬಂದ ತಕ್ಷಣ ನಂಗೆ ಹೇಳಿ, ನಾನು ನಿಲ್ಲಿಸಿ ಬ್ಯಾಗ್ ಮಾಡ್ತೀನಿ. ಎಷ್ಟು ಸಲ ಆಯ್ತು ಅಂತ ನೀವೇ ಎಣಿಸಿ.’ ಈ ನಾಲ್ಕು ಮಾತು ಹೇಳಿದ ಕ್ಷಣದಿಂದ ಸಿಸ್ಟರ್ ಬಾಯಿ ತೆರೆದರೆ ಅದು ಎದುರು ಮಾತು ಅನ್ನಿಸುವುದಿಲ್ಲ, ಡಾಕ್ಟರೇ ಕೊಟ್ಟ ಕೆಲಸ ಮಾಡುತ್ತಿದ್ದಾರೆ ಅಷ್ಟೆ. ಆಲ್ ಇಂಡಿಯಾ ಡಿಫಿಕಲ್ಟ್ ಏರ್‌ವೇ ಅಸೋಸಿಯೇಷನ್ 2016ರಲ್ಲಿ ಹೊರತಂದ ಮಾರ್ಗಸೂಚಿಯೂ ಪ್ರಯತ್ನಗಳಿಗೆ ಮಿತಿ ಹಾಕುತ್ತದೆ: ಲ್ಯಾರಿಂಗೋಸ್ಕೋಪ್ ಇಟ್ಟು ಹೆಚ್ಚೆಂದರೆ 3 ಸಲ, ಅದೂ ಸ್ಯಾಚುರೇಷನ್ 95 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ, ಉದ್ದಕ್ಕೂ ಮೂಗಿನಲ್ಲಿ ಆಮ್ಲಜನಕ ಹರಿಯುತ್ತಲೇ ಇರಬೇಕು.

ನರ್ಸ್‌ಗಳ ಕಡೆಯ ಅಭ್ಯಾಸಕ್ಕೆ ನಾನು ಹೆಚ್ಚು ಹೊತ್ತು ಕೊಡುತ್ತೇನೆ. ಮೊದಮೊದಲು ಎಲ್ಲರೂ ಹೇಳುವುದು ಹೀಗೆ: ‘ಸರ್, ಸ್ಯಾಚುರೇಷನ್ ಸ್ವಲ್ಪ ಕಮ್ಮಿ ಆಗ್ತಿದೆ.’ ಬಗ್ಗಿ ಬಾಯೊಳಗೆ ನೋಡುತ್ತಿರುವವರಿಗೆ ಇದು ಕಿವಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ. ಎರಡನೇ ಸಲ ಸಂಖ್ಯೆ ಬರಬೇಕು, ಮುಂದಿನ ಹೆಜ್ಜೆಯೂ ಬರಬೇಕು: ‘ಸರ್, ಸ್ಯಾಚುರೇಷನ್ 80. ಎರಡು ಸಲ ಆಯ್ತು. ಎಲ್‌ಎಂಎ ತಗೊಳ್ಳಿ.’ ಮೂರನೆಯದು: ‘ಸರ್, ನಿಲ್ಲಿಸಿ. ಟ್ಯೂಬ್ ಹೋಗ್ತಿಲ್ಲ, ಎಲ್‌ಎಂಎ ಕೂರ್ತಿಲ್ಲ, ಬ್ಯಾಗ್‌ನಲ್ಲೂ ಹೋಗ್ತಿಲ್ಲ. ಕುತ್ತಿಗೆಯಿಂದ ಮಾಡ್ಬೇಕು.’ ಹೀಗೆ ಹೇಳುತ್ತಾ ಬ್ಲೇಡನ್ನು ಡಾಕ್ಟರ್ ಕೈಗೇ ಕೊಡಬೇಕು. ಟ್ರೇ ಸಿದ್ಧವಿದೆ ಎಂದು ಹೇಳಿ ಮೇಜಿನ ಮೇಲಿಟ್ಟರೆ ಸಾಲದು. ಬ್ರೊಮಿಲಿ ಪ್ರಕರಣದಲ್ಲಿ ಸಿದ್ಧವಿದೆ ಎಂಬ ಮಾತು ಬಂದಿತ್ತು ಎನ್ನುವುದನ್ನು ಮರೆಯಬಾರದು. ‘ಸರ್’ ಅನ್ನುವುದನ್ನು ಬಿಡಬೇಕಿಲ್ಲ. ಗೌರವ ಇಟ್ಟುಕೊಂಡೇ ಆಜ್ಞೆಯಂಥ ಮಾತು ಹೇಳುವುದು ಕನ್ನಡದಲ್ಲಿ ಚೆನ್ನಾಗಿ ಬರುತ್ತದೆ, ನಾಲ್ಕಾರು ಸಲ ಬಾಯಿಬಿಟ್ಟು ಹೇಳಿ ರೂಢಿಯಾಗಬೇಕು.

ಡಾಕ್ಟರ್ ಕಡೆಯ ಅಭ್ಯಾಸವೂ ಒಂದಿದೆ, ಕೇಳಲು ಸುಲಭ, ಮಾಡಲು ಕಷ್ಟ. ಸೋತಿದ್ದೇನೆ ಎಂದು ಗಟ್ಟಿಯಾಗಿ ಹೇಳುವುದು. ಡಿಫಿಕಲ್ಟ್ ಏರ್‌ವೇ ಸೊಸೈಟಿಯ 2015ರ ಮಾರ್ಗಸೂಚಿ ಇದನ್ನು ಒಂದು ಹೆಜ್ಜೆಯಾಗಿಯೇ ಸೇರಿಸಿತು. ಇಂಟ್ಯುಬೇಷನ್ ವಿಫಲವಾಯಿತು, ಈಗ ಆಮ್ಲಜನಕವೂ ಹೋಗುತ್ತಿಲ್ಲ ಎಂದು ಆ ಕೋಣೆಯಲ್ಲಿರುವ ಎಲ್ಲರಿಗೂ ಕೇಳುವಂತೆ ಘೋಷಿಸಬೇಕು. ಹಾಗೆ ಹೇಳಿದ ಮರುಗಳಿಗೆ ಎಲ್ಲರ ಕೈಗಳೂ ಒಂದೇ ಕಡೆ ತಿರುಗುತ್ತವೆ. ಅದೇ ಮಾರ್ಗಸೂಚಿಯಲ್ಲಿ ಇನ್ನೊಂದು ಮಾತಿದೆ: ಎಲ್‌ಎಂಎ ಕೂತು ಆಮ್ಲಜನಕ ಹೋಗತೊಡಗಿದರೆ ನಿಂತು ಯೋಚಿಸಿ. ರೋಗಿಯನ್ನು ಎಚ್ಚರಿಸಬಹುದೇ, ಇದರಲ್ಲೇ ಮುಂದುವರಿಯಬಹುದೇ, ಸ್ಕೋಪ್ ಬಳಸಿ ಕಣ್ಣಾರೆ ನೋಡುತ್ತಾ ಟ್ಯೂಬ್ ಇಳಿಸಬಹುದೇ, ಕುತ್ತಿಗೆಯಿಂದ ದಾರಿ ಮಾಡಬೇಕೇ? 8:55ಕ್ಕೆ ಎಲೇನ್ ಅವರ ಓಟಿಯಲ್ಲಿ ಬೇಕಿದ್ದದ್ದು ಈ ನಿಲುಗಡೆಯೇ.

ಕುರಿಯ ಶ್ವಾಸನಾಳದ ಮೇಲೆ

ಕುತ್ತಿಗೆಯಿಂದ ದಾರಿ ಮಾಡುವುದನ್ನು ಮಾತಿನಲ್ಲಿ ಕಲಿಸಲಾಗದು. ಪ್ಲಾಸ್ಟಿಕ್ ಬೊಂಬೆಯಲ್ಲಿ ಅದು ತೀರಾ ಸಲೀಸು. ಹಾಗಾಗಿ ಮಟನ್ ಅಂಗಡಿಯಿಂದ ಕುರಿಯ ಧ್ವನಿಪೆಟ್ಟಿಗೆ ಸಮೇತ ಶ್ವಾಸನಾಳ ತರಿಸುತ್ತೇವೆ. ಅದನ್ನು ಹಲಗೆಗೆ ಮೊಳೆ ಹೊಡೆದು ಕೂರಿಸಿ, ಮೇಲೆ ಚರ್ಮದ ತುಂಡು ಹೊದಿಸುತ್ತೇವೆ.

ಬೇಕಾಗುವುದು ಮೂರೇ ವಸ್ತು: 10ನೇ ನಂಬರಿನ ಬ್ಲೇಡ್, ಬೂಜಿ, ಕಫ್ (ಊದಿಸುವ ಸಣ್ಣ ಬಲೂನು) ಇರುವ 6 ಮಿಲಿಮೀಟರ್ ಟ್ಯೂಬ್. ಎಡಗೈಯ ಹೆಬ್ಬೆರಳು ಮತ್ತು ನಡುಬೆರಳಲ್ಲಿ ಧ್ವನಿಪೆಟ್ಟಿಗೆಯನ್ನು ಎರಡೂ ಬದಿಯಿಂದ ಹಿಡಿದು ನಿಲ್ಲಿಸಬೇಕು. ತೋರುಬೆರಳು ಗಂಟಲ ಉಬ್ಬಿನಿಂದ ಕೆಳಗೆ ಜಾರುತ್ತಾ ಹೋದರೆ ಒಂದು ಸಣ್ಣ ತಗ್ಗು ಸಿಗುತ್ತದೆ, ಅದರ ಕೆಳಗೆ ಮತ್ತೆ ಗಟ್ಟಿ ಉಂಗುರ. ಆ ತಗ್ಗೇ ಕ್ರಿಕೋಥೈರಾಯ್ಡ್ ಪೊರೆ. ಬ್ಲೇಡಿನ ಅಲಗು ನಮ್ಮ ಕಡೆ ಇರುವಂತೆ ಅಡ್ಡಲಾಗಿ ಒಂದೇ ಇರಿತ. ತೆಗೆಯಬಾರದು. ಅಲಗು ಕಾಲ ಕಡೆ ಬರುವಂತೆ 90 ಡಿಗ್ರಿ ತಿರುಗಿಸಿ, ತಮ್ಮ ಕಡೆಗೆ ಮೆಲ್ಲನೆ ಎಳೆದರೆ ಸಣ್ಣ ಕಿಂಡಿಯಾಗುತ್ತದೆ. ಬ್ಲೇಡಿನ ಮೈಗೆ ತಾಗಿಸಿಕೊಂಡು ಬೂಜಿಯ ತುದಿ ಒಳಗೆ, ಆಮೇಲೆ ಬ್ಲೇಡ್ ಹೊರಗೆ, ಬೂಜಿಯ ಮೇಲೆ ಟ್ಯೂಬ್ ಜಾರಿಸಿ ಕಫ್ ಊದಿಸುವುದು. ದಪ್ಪ ಕುತ್ತಿಗೆಯಾಗಿ ಏನೂ ಕೈಗೆ ಸಿಗದಿದ್ದರೆ ನಟ್ಟನಡುವೆ 8ರಿಂದ 10 ಸೆಂಟಿಮೀಟರ್ ಉದ್ದಕ್ಕೆ ಸೀಳಿ, ಬೆರಳಲ್ಲಿ ಬಿಡಿಸುತ್ತಾ ಧ್ವನಿಪೆಟ್ಟಿಗೆಯನ್ನು ಹುಡುಕಬೇಕು. ರಕ್ತ ಬರುತ್ತದೆ, ಕಣ್ಣಿಗೆ ಏನೂ ಕಾಣದು. ಬೆರಳನ್ನೇ ನಂಬಬೇಕು.

ಮೊದಲ ಇರಿತಕ್ಕೆ ಎಲ್ಲರೂ ಹಿಂಜರಿಯುತ್ತಾರೆ. ಪೊರೆ ಅಂದುಕೊಂಡದ್ದಕ್ಕಿಂತ ಬಿಗಿ, ದಾಟಿದ ಕೂಡಲೇ ಕೈಗೆ ಸಡಿಲಾದದ್ದು ಗೊತ್ತಾಗುತ್ತದೆ. ಆ ಅನುಭವ ಒಮ್ಮೆ ಬೆರಳಿಗೆ ಬಂದವರ ಮುಖವೇ ಬದಲಾಗುತ್ತದೆ. ನರ್ಸ್‌ಗಳ ಕೈಗೂ ಬ್ಲೇಡ್ ಕೊಡುತ್ತೇನೆ. ಅವರು ರೋಗಿಯ ಮೇಲೆ ಇದನ್ನು ಮಾಡಲಿಕ್ಕೆಂದಲ್ಲ. ಏನು ಮಾಡಬೇಕೆಂದು ಮೈಗೆ ಗೊತ್ತಿರುವವರ ದನಿಯಲ್ಲಿ ಬೇರೆಯೇ ಗಟ್ಟಿತನ ಇರುತ್ತದೆ.

ಸೂಜಿ ಚುಚ್ಚಿ ಮಾಡುವ ವಿಧಾನ ಯಾಕೆ ಬೇಡ ಎಂದು ಕೇಳುವವರಿದ್ದಾರೆ. ಬ್ರಿಟನ್ನಿನಲ್ಲಿ ಒಂದು ವರ್ಷದ ಗಂಭೀರ ಏರ್‌ವೇ ಅವಘಡಗಳನ್ನೆಲ್ಲ ಕಲೆಹಾಕಿ 2011ರಲ್ಲಿ ಹೊರಬಂದ ನಾಲ್ಕನೇ ರಾಷ್ಟ್ರೀಯ ಆಡಿಟ್‌ನಲ್ಲಿ, ಅರಿವಳಿಕೆ ತಜ್ಞರು ತುರ್ತಿನಲ್ಲಿ ಮಾಡಿದ ಸೂಜಿ ವಿಧಾನ ಸುಮಾರು 60 ಶೇಕಡಾ ಸಂದರ್ಭಗಳಲ್ಲಿ ಸೋತಿತ್ತು. ಮುಂದೆ 2015ರಲ್ಲಿ ಬ್ಲೇಡ್-ಬೂಜಿ-ಟ್ಯೂಬ್ ಎಂಬ ಒಂದೇ ವಿಧಾನವನ್ನು ಎಲ್ಲರಿಗೂ ಕಲಿಸುವುದೆಂದು ತೀರ್ಮಾನವಾಯಿತು.

ಐಸಿಯು, ತುರ್ತು ವಿಭಾಗ ಮತ್ತು ಆ ಅಲೆ

ಅದೇ ಆಡಿಟ್‌ಗೆ ಬಂದ 184 ಪ್ರಕರಣಗಳಲ್ಲಿ 133 ಅರಿವಳಿಕೆಯವು, 36 ಐಸಿಯು, 15 ತುರ್ತು ವಿಭಾಗದವು. ಸಂಖ್ಯೆಯಲ್ಲಿ ಓಟಿ ಮುಂದು, ಆದರೆ ಅವಘಡವಾದ ಮೇಲೆ ಸಾವು ಅಥವಾ ಮಿದುಳಿನ ಹಾನಿಯ ಪಾಲು ಐಸಿಯುನಲ್ಲಿ 61 ಶೇಕಡಾ, ಓಟಿಯಲ್ಲಿ 14. ಐಸಿಯುನ ಇಂಥ ಪ್ರಕರಣಗಳಲ್ಲಿ ಮುಕ್ಕಾಲು ಪಾಲಿನಷ್ಟಕ್ಕೆ ಕ್ಯಾಪ್ನೋಗ್ರಫಿ ಇಲ್ಲದಿದ್ದದ್ದು ಅಥವಾ ಅದನ್ನು ಬಳಸದಿದ್ದದ್ದು ಒಂದು ಕಾರಣ. ಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡನ್ನು ಅಳೆದು ಪರದೆಯ ಮೇಲೆ ಅಲೆಯಾಗಿ ತೋರಿಸುವ ಸಾಧನ ಅದು. ಟ್ಯೂಬ್ ಶ್ವಾಸನಾಳದಲ್ಲಿದ್ದರೆ ಅಲೆ, ಅನ್ನನಾಳದಲ್ಲಿದ್ದರೆ ಚಪ್ಪಟೆ ಗೆರೆ. ಹೃದಯ ನಿಂತು ಎದೆ ಒತ್ತುತ್ತಿದ್ದಾಗಲೂ ಸಣ್ಣದಾದರೂ ಅಲೆ ಬರಬೇಕು.

2020ರಲ್ಲಿ ಇಂಗ್ಲೆಂಡಿನ ಗ್ಲೆಂಡಾ ಲಾಗ್ಸ್‌ಡೇಲ್ ಎಂಬ 61 ವರ್ಷದ ರೇಡಿಯೋಗ್ರಾಫರ್ ಅಪೆಂಡಿಕ್ಸ್ ಆಪರೇಷನ್‌ಗೆ ಹೋಗಿ, ಟ್ಯೂಬ್ ಅನ್ನನಾಳಕ್ಕೆ ಹೋದದ್ದನ್ನು ಯಾರೂ ಸಕಾಲಕ್ಕೆ ಗುರುತಿಸದೆ ಪ್ರಾಣಬಿಟ್ಟರು. ಎಲೇನ್ ತೀರಿಕೊಂಡು 15 ವರ್ಷವಾಗಿತ್ತು. 2021ರಲ್ಲಿ ಪ್ರಕಟವಾದ, 29 ದೇಶಗಳ 2,964 ರೋಗಿಗಳ ಅಧ್ಯಯನದಲ್ಲಿ ಓಟಿಯ ಹೊರಗೆ ಗಂಭೀರ ರೋಗಿಗಳಿಗೆ ಟ್ಯೂಬ್ ಹಾಕುವಾಗ ಅಲೆ ತೋರಿಸುವ ಕ್ಯಾಪ್ನೋಗ್ರಫಿ ಬಳಸಿದ್ದು ಸುಮಾರು ಕಾಲು ಭಾಗದಲ್ಲಿ ಮಾತ್ರ. ಪ್ರತಿ 100ರಲ್ಲಿ 3 ಮಂದಿಗೆ ಹೃದಯ ನಿಂತಿತ್ತು. ಅತಿ ಹೆಚ್ಚು ಕಂಡ ತೊಂದರೆ ಬಿಪಿ ಬೀಳುವುದು. ಅಂದರೆ ಟ್ಯೂಬಿಗಿಂತ ಮೊದಲು ಡ್ರಿಪ್, ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಸಿದ್ಧವಿರಬೇಕೆಂಬುದೂ ಅಭ್ಯಾಸದ ಭಾಗವಾಗಬೇಕು.

ಟ್ಯೂಬ್ ಹೋಯಿತು ಎಂದು ಡಾಕ್ಟರ್ ಹೇಳಿದ ಮೇಲೆ ಮಾನಿಟರ್ ನೋಡಿ ‘ಅಲೆ ಬಂತು’ ಅಥವಾ ‘ಅಲೆ ಬಂದಿಲ್ಲ ಸರ್, ಟ್ಯೂಬ್ ತೆಗೀರಿ’ ಎನ್ನುವ ಕೆಲಸವನ್ನೂ ಇದೇ ರೀತಿ ಒಬ್ಬರಿಗೆ ಹೆಸರು ಹಿಡಿದು ಒಪ್ಪಿಸುತ್ತೇವೆ. ಕ್ಯಾಪ್ನೋಗ್ರಫಿ ಇಲ್ಲದ ತಾಲ್ಲೂಕು ಆಸ್ಪತ್ರೆಗಳಿನ್ನೂ ಇವೆ. ಮಾನಿಟರ್ ಕೊಳ್ಳುವಾಗ ಅದೊಂದನ್ನು ಸೇರಿಸಿ ಬರೆಯಿರಿ ಎಂದು ಹೋದಲ್ಲೆಲ್ಲ ಆಡಳಿತದವರನ್ನು ಕೇಳಿಕೊಳ್ಳುತ್ತೇನೆ.

ಯಾರು ಬರಬೇಕು

ಒಮ್ಮೆ ಮಾಡಿದ ತರಬೇತಿ ಉಳಿಯುವುದಿಲ್ಲ. ಇಂಟರ್ನ್‌ಗಳು ಬದಲಾಗುತ್ತಾರೆ, ನರ್ಸ್‌ಗಳ ವಾರ್ಡ್ ಬದಲಾಗುತ್ತದೆ. ತಿಂಗಳಿಗೊಮ್ಮೆ, ಪಾಳಿ ಬದಲಾಗುವ ಹೊತ್ತಿಗೆ, ಕಾಲು ಗಂಟೆಯ ಅಭ್ಯಾಸ ಸಾಕು. ಬ್ಲೇಡ್, ಬೂಜಿ, 6ನೇ ನಂಬರ್ ಟ್ಯೂಬ್ ಮೂರನ್ನೂ ಒಂದೇ ಪ್ಯಾಕೆಟ್‌ನಲ್ಲಿ ಸೀಲ್ ಮಾಡಿ ಟ್ರಾಲಿಯ ಮೇಲಿನ ಡ್ರಾಯರ್‌ಗೆ ಅಂಟಿಸಿಡುವುದು, ಬೀರುವಿನ ಕೀಲಿಗೆ ಕಾಯುವಂತಾಗಬಾರದು.

ತರಬೇತಿಗೆ ಹೆಸರು ಕೊಡಿ ಎಂದರೆ ಆಸ್ಪತ್ರೆಗಳು ಕಳಿಸುವುದು ಸಾಮಾನ್ಯವಾಗಿ ಕಿರಿಯರನ್ನೇ. ವಿಭಾಗದ ಮುಖ್ಯಸ್ಥರು ಉದ್ಘಾಟನೆಗೆ ಬಂದು, ದೀಪ ಹಚ್ಚಿ, ಮೀಟಿಂಗ್ ಇದೆ ಎಂದು ಹೊರಡುತ್ತಾರೆ. ಆಗ ನರ್ಸ್ ‘ನಿಲ್ಲಿಸಿ ಸರ್’ ಎಂದು ಅಭ್ಯಾಸ ಮಾಡುವುದು ಒಬ್ಬ ಪಿಜಿ ವಿದ್ಯಾರ್ಥಿಯ ಮುಂದೆ, ನಿಜವಾಗಿ ಹೇಳಬೇಕಾಗಿ ಬರುವುದು ಮುಖ್ಯಸ್ಥರ ಮುಂದೆ. ಅದಕ್ಕೇ ಈಗ ಮೊದಲೇ ತಿಳಿಸಿಬಿಡುತ್ತೇವೆ: ಆ ಪಾಳಿಯ ಅತಿ ಹಿರಿಯ ಡಾಕ್ಟರ್ ಬೊಂಬೆಯ ತಲೆಯ ಬಳಿ ಲ್ಯಾರಿಂಗೋಸ್ಕೋಪ್ ಹಿಡಿದು ನಿಲ್ಲಬೇಕು, ಸಿಸ್ಟರ್ ನಿಲ್ಲಿಸಿ ಎಂದಾಗ ಎಲ್ಲರೆದುರು ನಿಲ್ಲಿಸಬೇಕು, ‘ಸರಿ ಸಿಸ್ಟರ್, ಬ್ಲೇಡ್ ಕೊಡಿ’ ಎನ್ನಬೇಕು. ಅವರಿಗೆ ಬಿಡುವಿಲ್ಲದಿದ್ದರೆ ಆ ದಿನದ ಅಭ್ಯಾಸ ಮಾಡುವುದಿಲ್ಲ, ಅವರು ಬರಬಲ್ಲ ಇನ್ನೊಂದು ದಿನಕ್ಕೆ ಹಾಕಿಕೊಳ್ಳುತ್ತೇವೆ.